ಮಾರಿಕುಪ್ಪಂ ರೈಲಿಗೊಂದು ದೂರು: ತಾವು ನುಂಗಿದ ನಮ್ಮ ಕ್ರಯಪತ್ರ

ಪ್ರತಿದಿನ ಮುಂಜಾನೆ ಮಾರಿಕುಪ್ಪಂನಿಂದ ಹೊರಟು, ಬಂಗಾರಪೇಟೆಯಲ್ಲಿ ನಮ್ಮಂಥವರನ್ನು ಹೊಟ್ಟೆಗೆ ಹಾಕಿಕೊಂಡು, ಬೆಂಗಳೂರಿನಲ್ಲಿ ಹೊರಚೆಲ್ಲುವ ಮಾನ್ಯ ಪ್ಯಾಸೆಂಜರ್ ರೈಲಿನವರೇ,

ತಮ್ಮ ಸಮಸ್ತ ಚಕ್ರಗಳಿಗೂ, ಹಾರನ್ನಿಗೂ, ನನ್ನ ಹಣೆಯ ಎಣ್ಣೆಯ ಗುರುತನ್ನು ಇಷ್ಟು ವರ್ಷಗಳಿಂದ ಮರುಮಾತಿಲ್ಲದೆ ಸಹಿಸಿಕೊಂಡು ಬಂದಿರುವ ಕಿಟಕಿಯ ಸರಳುಗಳಿಗೂ ಮೊನ್ನೆಯವರೆಗೂ ಬಂಗಾರಪೇಟೆಯಲ್ಲಿದ್ದ ಬಾಡಿಗೆದಾರನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ದಿನವೂ ಕಣ್ಣಾರೆ ಕಾಣುತ್ತಿರುವುದರಿಂದ ಕೇಳುವುದಿಲ್ಲ. ನನ್ನ ಕ್ಷೇಮವನ್ನು ತಾವು ಕೇಳುವವರಲ್ಲವೆಂದು ಗೊತ್ತಿರುವುದರಿಂದ ನಾನೇ ಹೇಳುತ್ತೇನೆ: ಅಷ್ಟು ಚೆನ್ನಾಗಿಲ್ಲ. ಮತ್ತು ಇದಕ್ಕೆಲ್ಲ ತಾವೇ ಕಾರಣರೆಂದು ಛಾಪಾ ಕಾಗದದ ಮೇಲೆ, ನೋಟರಿಯ ಕೆಂಪು ಮುದ್ರೆಯ ಸಮೇತ, ಈಗಾಗಲೇ ಬರೆದಾಗಿದೆ.

ಆ ಪ್ರಮಾಣಪತ್ರದ ಒಂದು ವಾಕ್ಯವನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. “ಸದರಿ ಸ್ವತ್ತಿನ ಅಸಲು ಕ್ರಯಪತ್ರವನ್ನು ಜೆರಾಕ್ಸ್ ಮಾಡಿಸುವ ಸಲುವಾಗಿ ಮಾರಿಕುಪ್ಪಂ ರೈಲಿನಲ್ಲಿ ತೆಗೆದುಕೊಂಡು ಹೋಗುತ್ತಿರುವಾಗ ನನ್ನ ಕೈತಪ್ಪಿ ಕಳೆದುಹೋಗಿದ್ದು, ಎಷ್ಟು ಹುಡುಕಿದರೂ ಸಿಕ್ಕಿರುವುದಿಲ್ಲ.” ಹೀಗೆಂದು ಪ್ರಮಾಣ ಮಾಡಿದವನು ಮನೆ ಮಾರುವ ಕುಪ್ಪುಸ್ವಾಮಿ; ಹೀಗೆ ಬರೆದುಕೊಟ್ಟವರು ತಾಲ್ಲೂಕು ಕಚೇರಿಯ ಎದುರಿನ ಹುಣಸೆಮರದ ಕೆಳಗೆ ಟೈಪಿಂಗ್ ಮೆಷಿನ್ ಇಟ್ಟುಕೊಂಡಿರುವ ಬಾಂಡ್ ರೈಟರ್ ಕೋದಂಡಪ್ಪನವರು; ಇದನ್ನು ಓದಿ, ತಲೆದೂಗಿ, ಒಪ್ಪಿಕೊಂಡ ಮಹಾನುಭಾವ, ಅಂದರೆ ಮನೆ ಕೊಳ್ಳಲು ಹೊರಟವನು, ನಾನು. ಹೊಟ್ಟೆಪಾಡಿಗೆ ನಾನು ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಚಟಕ್ಕೆ ವಾರಕ್ಕೊಂದು ಹಾಸ್ಯದ ಅಂಕಣ ಬರೆಯುತ್ತೇನೆ. ಜೆರಾಕ್ಸ್ ಮಾಡಿಸಲು ಹೋಗುವಾಗಲೇ ಕಳೆದುಹೋದ ಕಾಗದದ ಜೆರಾಕ್ಸ್ ನನ್ನ ಕೈಗೆ ಬಂದದ್ದಾದರೂ ಹೇಗೆ ಎಂದು ಕೇಳುವ ಬುದ್ಧಿ ವೃತ್ತಿಯಿಂದ ಕರಡು ತಿದ್ದುವ ನನಗೆ ಬರಲಿಲ್ಲ. ‘ಹೋಗಿದ್ದು’ ಎಂಬುದರ ಮುಂದೆ ಅಲ್ಪವಿರಾಮ ಇದೆಯಲ್ಲ, ಸದ್ಯ, ಎಂದಷ್ಟೇ ನನಗೆ ತೋಚಿತು.

ಮಾನ್ಯರೇ, ಮೊದಲಿನಿಂದ ಹೇಳುತ್ತೇನೆ. ತಾವು ಹೇಗೂ ಸಿಗ್ನಲ್ಲಿಗಾಗಿ ಕಾಯುವವರು, ಕೇಳಿಸಿಕೊಳ್ಳಲು ಪುರುಸೊತ್ತು ಇದ್ದೇ ಇರುತ್ತದೆ.

ಬಂಗಾರಪೇಟೆಯ ನಮ್ಮ ಬಾಡಿಗೆ ಮನೆಯ ಮಾಲೀಕರು ಮಗಳ ಮದುವೆಯ ನಂತರ ಅಳಿಯನಿಗೆ ಮನೆ ಬೇಕೆಂದು ಬಲು ಮರ್ಯಾದೆಯಿಂದ ತಿಳಿಸಿದಾಗ, ನನ್ನ ಪತ್ನಿ ಶಶಿರೇಖ “ಇನ್ನೊಬ್ಬರ ಗೋಡೆಗೆ ಮೊಳೆ ಹೊಡೆಯೋಕೆ ಅಪ್ಪಣೆ ಕೇಳೋ ಬಾಳು ನಂಗೆ ಸಾಕು” ಎಂದಳು. ಅವಳ ಬೇಡಿಕೆ ದೊಡ್ಡದೇನಲ್ಲ. ಎಲ್ಲಿ ಬೇಕೆಂದರೆ ಅಲ್ಲಿ ಮೊಳೆ ಹೊಡೆಯಬಹುದಾದ ನಾಲ್ಕು ಗೋಡೆ. ಆ ಗೋಡೆಗಳನ್ನು ಹುಡುಕುತ್ತ ಹೊರಟ ನನಗೆ ಚಾಂಪಿಯನ್ ರೀಫ್ಸ್ ಆಚೆಯ ಒಂದು ಹಳ್ಳಿಯಲ್ಲಿ ಕುಪ್ಪುಸ್ವಾಮಿಯ ಮನೆ ಸಿಕ್ಕಿತು. ಅಲ್ಲಿನ ಚಿನ್ನದ ಗಣಿ ಮುಚ್ಚಿದಾಗ ಕಾರ್ಮಿಕರಿಗೆ ಬಂದ ದುಡ್ಡಿನಲ್ಲಿ ಅವನ ತಂದೆ ಒಬ್ಬ ರೈತನಿಂದ ನಿವೇಶನ ಕೊಂಡು, ತಾನೇ ನಿಂತು ಕಟ್ಟಿಸಿದ ಮನೆ. ಮುಂದೆ ಕೆಂಪು ಸಿಮೆಂಟಿನ ನೆಲದ ಹಜಾರ, ಪಕ್ಕಕ್ಕೆ ಅಡುಗೆಮನೆ, ಅಂಗಳದಲ್ಲಿ ನುಗ್ಗೆಮರ, ಹಿಂದೆ ಬೇರೆಯೇ ಬೀಗ ಹಾಕಿದ್ದ ಒಂದು ಕೋಣೆ. ಆ ಕೋಣೆಯಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಕುಪ್ಪುಸ್ವಾಮಿ, “ಏನಿಲ್ಲ ಸಾರ್, ಹಳೇ ಸಾಮಾನು. ಬೀಗದ ಕೈ ಎಲ್ಲೋ ಇಟ್ಟೀನಿ” ಎಂದ. ಮನೆಯವರೆಲ್ಲ ಒಪ್ಪಿದ್ದಾರೇನಪ್ಪ ಎಂದರೆ, “ಯಾರಿದಾರೆ ಸಾರ್ ಒಪ್ಪೋಕೆ? ಅಪ್ಪ ತೀರೋದ್ರು, ಅಮ್ಮ ತೀರೋದ್ರು. ನಾನೊಬ್ನೇ” ಎಂದ. ಹೊಸೂರಿನಲ್ಲಿ ಅವನ ಹೆಂಡತಿಯ ಅಣ್ಣನ ಪಂಕ್ಚರ್ ಅಂಗಡಿಯಲ್ಲಿ ಪಾಲು ತೆಗೆದುಕೊಂಡು ಅಲ್ಲಿಗೇ ಹೋಗಿಬಿಡುವ ಅವಸರ ಅವನಿಗೆ. ಅನಾಥನೊಬ್ಬನಿಗೆ ದಾರಿ ಮಾಡಿಕೊಟ್ಟ ಪುಣ್ಯವೂ ಮನೆಯ ಜೊತೆಗೆ ಉಚಿತವಾಗಿ ಬರುತ್ತಿದೆಯೆಂದು ಹಿಗ್ಗಿದ ನಾನು ಅಲ್ಲೇ ಮುಂಗಡ ಕೊಟ್ಟೆ.

ಆಮೇಲೆ ಕಾಗದ ಕೇಳಿದೆ. ಎಲ್ಲರೂ ಕಾಗದ ನೋಡಿ ಮುಂಗಡ ಕೊಡುತ್ತಾರಂತೆ. ಈ ಕ್ರಮ ನನಗೆ ಈಗ ಗೊತ್ತಾಗಿದೆ.

ಕುಪ್ಪುಸ್ವಾಮಿ ಜೆರಾಕ್ಸ್ ಕೊಟ್ಟ. ಒರಿಜಿನಲ್ ಎಲ್ಲಿ ಎಂದರೆ, ಬೀರುವಿನಲ್ಲೇ ಇತ್ತು, ಈಗಿಲ್ಲ ಎಂದ. ನಾನು ಗಾಬರಿಯಿಂದ ಅವನನ್ನು ಕೋದಂಡಪ್ಪನವರ ಬಳಿಗೆ ಕರೆದೊಯ್ದೆ. ಅವರು ಕನ್ನಡಕದ ಮೇಲಿನಿಂದ ನಮ್ಮಿಬ್ಬರನ್ನೂ ನೋಡಿ, ಜ್ವರದ ಮಗುವಿನ ತಾಯಿಗೆ ಡಾಕ್ಟರು ಹೇಳುವಂತೆ ಸಮಾಧಾನ ಹೇಳಿದರು. ಒರಿಜಿನಲ್ ಇಲ್ಲದಿದ್ದರೆ ಆಕಾಶವೇನೂ ಬೀಳುವುದಿಲ್ಲ. ಪೊಲೀಸರಿಗೊಂದು ದೂರು, ನೋಟರಿಯ ಪ್ರಮಾಣಪತ್ರ, ನೋಂದಣಿ ಕಚೇರಿಯಿಂದ ದೃಢೀಕೃತ ನಕಲು, ಪತ್ರಿಕೆಯಲ್ಲಿ ಒಂದು ಸಾರ್ವಜನಿಕ ಪ್ರಕಟಣೆ, ಯಾರ ತಕರಾರೂ ಬಾರದಿದ್ದರೆ ರಿಜಿಸ್ಟ್ರೇಷನ್. ವಂಶವೃಕ್ಷವನ್ನು ಆಮೇಲೆ ತರಿಸಿದರಾಯಿತು. ಆದರೆ ಕಾಗದ ಎಲ್ಲಿ ಕಳೆಯಿತು ಎಂದು ಬರೆಯಬೇಕಲ್ಲ. ಮನೆಯಲ್ಲಿ, ಎಂದ ಕುಪ್ಪುಸ್ವಾಮಿ.

“ಮನೇಲಿ ಕಳೀತು ಅಂದ್ರೆ ಮನೇಲೇ ಉಡ್ಕು ಓಗು ಅಂತಾರೆ,” ಎಂದರು ಕೋದಂಡಪ್ಪನವರು. “ಬಸ್ಸಲ್ಲಿ ಅಂದ್ರೆ ಯಾವ್ ಬಸ್ಸು, ಕಂಡಕ್ಟ್ರು ಯಾರು ಅಂತಾರೆ. ರೈಲಲ್ಲಿ ಅನ್ನು. ರೈಲನ್ನ ಯಾರೂ ಉಡ್ಕಲ್ಲ.”

ಇದು ಅವರು ನಮಗೆಂದೇ ಹೊಸದಾಗಿ ಕಟ್ಟಿದ ವಾಕ್ಯವಲ್ಲ. ಅವರ ಬಳಿ ಬಂದ ಕಳೆದ ಕಾಗದಗಳೆಲ್ಲ, ಗೆದ್ದಲು ತಿಂದದ್ದಿರಲಿ, ದಾಯಾದಿ ಬಚ್ಚಿಟ್ಟದ್ದಿರಲಿ, ಒಲೆಗೆ ಹೋದದ್ದಿರಲಿ, ತಮ್ಮಲ್ಲಿಯೇ ಕಳೆದಿವೆ. ಎಷ್ಟು ತಲೆಮಾರಿನ ಎಷ್ಟು ಮನೆ, ಹೊಲ, ಕೊಟ್ಟಿಗೆಗಳ ಮೂಲಪತ್ರಗಳನ್ನು ತಾವು ಕಾಗದದ ಮೇಲೆ ನುಂಗಿ, ಒಂದು ತೇಗೂ ಇಲ್ಲದೆ, ಟೇಕಲ್ಲು ಮಾಲೂರು ದಾಟಿ ಹೋಗುತ್ತಿದ್ದೀರೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಆರೋಪಕ್ಕೆ ಉತ್ತರ ಕೊಡದ, ಸಾಕ್ಷಿಗೆ ಕರೆದರೆ ಬಾರದ, ಹೊರಟ ಮೇಲೆ ತಿರುಗಿ ನೋಡದ ತಮ್ಮ ಘನತೆಯನ್ನು ಕಂಡು, ಆ ದಿನ ನಾನೂ ಮನಸ್ಸಿನಲ್ಲೇ ಒಂದು ಮನವಿ ಸಿದ್ಧಪಡಿಸಿದ್ದೆ: ತಮ್ಮ ಕೊನೆಯ ಬೋಗಿಯಲ್ಲಿ ಸೀಟುಗಳನ್ನು ಕಿತ್ತು ಕಪಾಟುಗಳನ್ನು ಇಡಿಸಬೇಕು, ಟಿಕೆಟ್ ಕೇಳುವವರು ಟಿಕೆಟ್ಟಿನ ಬದಲು ಕ್ರಯಪತ್ರ ಪರೀಕ್ಷಿಸಬೇಕು, ಊರ್ಗಾಂನಲ್ಲೊಮ್ಮೆ ಕೋರಮಂಡಲ್‌ನಲ್ಲೊಮ್ಮೆ ನಿಂತು, ಕಳೆದ ಪತ್ರಗಳ ವಾರಸುದಾರರು ಬಂದು ಗುರುತು ಹೇಳಿ ಒಯ್ಯಬಹುದೆಂದು ಕೂಗಿಸಬೇಕು. ಇದು ತಮಾಷೆಗೆ ಮಾಡಿದ ಮನವಿ. ನನ್ನ ಕಾಗದ ನಿಜವಾಗಿಯೂ ತಮ್ಮ ಹೊಟ್ಟೆಯೊಳಗೇ ಇದೆಯೆಂಬುದು ಆಗ ನನಗೆ ಗೊತ್ತಿರಲಿಲ್ಲ.

ಈಗ ತಮ್ಮ ಎರಡನೇ ಬೋಗಿಯ ಬಗ್ಗೆ ನಾಲ್ಕು ಮಾತು. ಬಂಗಾರಪೇಟೆಯಲ್ಲಿ ಹತ್ತುವವನಿಗೆ ತಮ್ಮಲ್ಲಿ ಕೂರಲು ಜಾಗ ಸಿಗುವುದು ಪೂರ್ವಜನ್ಮದ ಸುಕೃತದಿಂದ ಅಥವಾ ಹಿಂದಿನ ಸ್ಟೇಷನ್ನಿನಲ್ಲಿ ಹತ್ತಿದವರ ದಯೆಯಿಂದ. ನನಗೆ ಎರಡನೆಯದು ಒದಗಿತ್ತು. ಚಾಂಪಿಯನ್ ಸ್ಟೇಷನ್ನಿನಲ್ಲಿ ಹತ್ತುವ, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುವ ಸೆಲ್ವಿ ಎಂಬ ಹೆಂಗಸು ತನ್ನ ಊಟದ ಚೀಲವನ್ನು ಎದುರಿನ ಸೀಟಿನ ಮೇಲಿಟ್ಟು ನನಗೆ ಜಾಗ ಹಿಡಿಯುತ್ತಿದ್ದಳು. ನಾನು ಹತ್ತಿ, ಚೀಲವನ್ನು ಎರಡು ಕೈಯಿಂದ ಎತ್ತಿ ಅವಳಿಗೆ ಕೊಟ್ಟು, ಕೂತು, ಪತ್ರಿಕೆಯನ್ನು ಬಿಡಿಸಿ ಹಾಳೆಹಾಳೆಯಾಗಿ ಹಂಚುತ್ತಿದ್ದೆ. ರಾಶಿಭವಿಷ್ಯದ ಹಾಳೆ ಸೆಲ್ವಿಗೆ. ಉಳಿದದ್ದು ಪಕ್ಕದ ನಾಗೇಶನಿಗೆ. ಊರಲ್ಲಿ ಎರಡು ಹಸು ಕಟ್ಟಿಕೊಂಡು ಹಾಲು ಕರೆದು ಡೈರಿಗೆ ಹಾಕಿ, ವೈಟ್‌ಫೀಲ್ಡಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡುವ ನಾಗೇಶ ಪತ್ರಿಕೆಯನ್ನು ಗಟ್ಟಿಯಾಗಿ ಓದದಿದ್ದರೆ ತನಗೆ ಅರ್ಥವಾಗುವುದಿಲ್ಲ ಎನ್ನುವವನು.

ಈ ಇಬ್ಬರ ಮುಂದೆ ನಾನು ದಿನವೂ ನನ್ನ ಮನೆಯ ಕತೆ ಹೇಳುತ್ತಿದ್ದೆ. ಯಾವ ಊರು, ಯಾರ ಮನೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಹೇಳಿದರೆ ಬೋಗಿಯಲ್ಲಿ ಯಾರಾದರೂ ಹೆಚ್ಚು ಬೆಲೆ ಕೂಗಿ ಕಿತ್ತುಕೊಂಡಾರೆಂಬ ಭಯ. ಬುದ್ಧಿವಂತಿಕೆ ಎಂದು ನಾನು ಆಗ ತಿಳಿದಿದ್ದುದು ಇದನ್ನೇ. “ಒಂದು ಜಾಗ” ಎನ್ನುತ್ತಿದ್ದೆ, ಚುನಾವಣೆಯ ಅಭ್ಯರ್ಥಿಯ ಹೆಸರು ಮುಚ್ಚಿಡುವ ಪಕ್ಷದ ಅಧ್ಯಕ್ಷನಂತೆ. ಆ ಜಾಗದ ಹಿಂಭಾಗದಲ್ಲಿ ಒಂದು ಕೋಣೆಯಿದೆ, ಏನೋ ಹಳೇ ಸಾಮಾನು ತುಂಬಿದ್ದಾರೆ, ಅದನ್ನೆಲ್ಲ ಎಸೆದು ಅಲ್ಲೊಂದು ಮೇಜು ಹಾಕಿ ನನ್ನ ಬರೆಯುವ ಕೋಣೆ ಮಾಡಿಕೊಳ್ಳುತ್ತೇನೆ ಎಂದೆ ಒಮ್ಮೆ. ಸೆಲ್ವಿ ಬೆಳ್ಳುಳ್ಳಿ ಬಿಡಿಸುತ್ತ, “ಎಸೀರಿ ಸಾರ್, ಹಳೇದು ಇಟ್ಕೊಂಡು ಏನ್ ಮಾಡ್ತೀರ” ಎಂದಳು. ಒರಿಜಿನಲ್ ಪತ್ರ ಇಲ್ಲವೆಂದಾಗ ಮಾತ್ರ ಅವಳ ಕೈ ನಿಂತಿತು. “ಬೇಡ ಸಾರ್. ಪತ್ರ ಇಲ್ದಿರೋ ಮನೆ ಹಿಂದೆ ಏನೋ ಇರ್ತದೆ. ಸುಮ್ನೆ ಕಳ್ದೋಗಲ್ಲ ಅದು,” ಎಂದಳು. ಅಂಕಣಕಾರನಿಗೆ ಗಾರ್ಮೆಂಟ್ಸಿನ ಹೆಂಗಸು ಆಸ್ತಿಯ ಕಾನೂನು ಹೇಳುವುದೇ ಎಂದು ನಾನು ನಕ್ಕೆ. ನಗುವುದು ನನ್ನ ಕಸುಬು, ಮಾನ್ಯರೇ; ಎಲ್ಲಿ ನಗಬಾರದೆಂಬ ತರಬೇತಿ ಅದರಲ್ಲಿ ಕೊಡುವುದಿಲ್ಲ.

ಪ್ರಕಟಣೆ ಬಂದ ಬೆಳಿಗ್ಗೆ ತಮಗೂ ನೆನಪಿರಬೇಕು. ಕೊಳ್ಳುವವನ ಹೆಸರು ಹಾಕಲೇಬೇಕಾಗಿಲ್ಲ ಎಂದು ಪ್ರಕಟಣೆ ಬರೆದುಕೊಟ್ಟ ನನ್ನ ವಕೀಲರು ಹೇಳಿದ್ದರು. ಆದರೆ ನನ್ನ ಹೆಸರಿಲ್ಲದೆ ನನ್ನ ದುಡ್ಡಿನಲ್ಲಿ ಏನಾದರೂ ಅಚ್ಚಾಗುವುದೆಂದರೆ ನನಗೆ ಊಟ ಸೇರುವುದಿಲ್ಲ, ಹಾಗಾಗಿ ಹಟ ಹಿಡಿದು ಹಾಕಿಸಿದ್ದೆ. ಬಂಗಾರಪೇಟೆ ಬಿಟ್ಟಾಗಿತ್ತು. ನಾಗೇಶ ಹುಡುಗಿ ಬೇಕಾಗಿದ್ದಾಳೆ, ಹಸು ಮಾರಾಟಕ್ಕಿದೆ ಎಲ್ಲ ಮುಗಿಸಿ ಪ್ರಕಟಣೆಗೆ ಬಂದ.

“ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಮುನಿಶಾಮಿರವರ ಮನೆ, ಉತ್ತರಕ್ಕೆ ನೀರಿನ ಟ್ಯಾಂಕು, ದಕ್ಷಿಣಕ್ಕೆ ಮಾರಮ್ಮನ ಗುಡಿ ಜಾಗ,” ಎಂದು ಓದಿದ.

ಸೆಲ್ವಿ ರಾಶಿಭವಿಷ್ಯದಿಂದ ತಲೆಯೆತ್ತಿ, “ಮುನಿಶಾಮಿ ಮನೆ ಪಕ್ಕ ಇರೋದು ನಮ್ ಮನೆ,” ಎಂದಳು.

“ಇನ್ಯಾರೋ ಮುನಿಶಾಮಿ ಇರ್ಬೋದು ಬಿಡಕ್ಕ. ನಮ್ಮೂರ್ನಾಗೇ ನಾಕ್ ಜನ ಅವ್ರೆ.”

“ಅವ್ರ್ ಮನೆ ಪಕ್ಕದಲ್ಲೆಲ್ಲ ನೀರ್ ಟ್ಯಾಂಕ್ ಐತಾ? ಮಾರಮ್ಮನ್ ಗುಡಿ ಐತಾ? ಮುಂದೆ ಓದು.”

ನಾಗೇಶ ಓದಿದ. ಕುಪ್ಪುಸ್ವಾಮಿ ಎಂಬುವರು ಏಕೈಕ ವಾರಸುದಾರರಾಗಿದ್ದು, ಅಸಲು ಪತ್ರವು ಮಾರಿಕುಪ್ಪಂ ರೈಲಿನಲ್ಲಿ ಕಳೆದುಹೋಗಿದ್ದು, ಸದರಿ ಸ್ವತ್ತನ್ನು ನನ್ನ ಕಕ್ಷಿದಾರರು ಕ್ರಯಕ್ಕೆ ಪಡೆಯಲು ಉದ್ದೇಶಿಸಿದ್ದು. ಅಲ್ಲಿ ನಿಲ್ಲಿಸಿ, ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ನನ್ನನ್ನೊಮ್ಮೆ ನೋಡಿ, “ಬಚ್ಚಪ್ಪಣ್ಣ, ಇಲ್ಲಿ ನಿಮ್ ಎಸ್ರು ಆಕವ್ರೆ,” ಎಂದ.

ನನ್ನ ಹೆಸರು ಅಚ್ಚಿನಲ್ಲಿ ಕಂಡು ನನಗೆ ಸಂತೋಷವಾಗದ ಮೊದಲ ದಿನ ಅದು.

ಸೆಲ್ವಿ ಕೂಗಾಡಲಿಲ್ಲ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅನ್ನದ ಡಬ್ಬಿ ತೆಗೆದಳು, ಸಾರಿನ ಡಬ್ಬಿ ತೆಗೆದಳು, ಎರಡನ್ನೂ ನಾಗೇಶನ ಕೈಗೆ ಕೊಟ್ಟಳು. ತಳದಿಂದ ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರು ಬಂತು; ಅದರೊಳಗಿನಿಂದ ಇನ್ನೊಂದು ಕವರು; ಅದರೊಳಗಿನಿಂದ, ಅಂಚಿನಲ್ಲಿ ಸಾರಿನ ಕಲೆಯಿದ್ದ, ಅವಳ ತಂದೆಯ ಸಹಿಯಿದ್ದ, ಸಬ್‌ ರಿಜಿಸ್ಟ್ರಾರ್ ಕಚೇರಿಯ ಮೊಹರಿದ್ದ ಕ್ರಯಪತ್ರ.

“ಇದಾ ಸಾರ್ ನೀವ್ ಕಳ್ಕೊಂಡಿರೋದು?”

“ಪೇಪರ್ನಾಗೆ ಬರ್ದಿರೋದು ನಿಜಾನೇ ಬಿಡಣ್ಣ,” ಎಂದ ನಾಗೇಶ, ಎರಡು ಡಬ್ಬಿಗಳನ್ನು ಹಿಡಿದುಕೊಂಡೇ. “ರೈಲಲ್ಲೇ ಐತೆ.”

ಬೋಗಿ ನಕ್ಕಿತು. ನಾನೂ ನಗಲು ನೋಡಿದೆ, ಆಗಲಿಲ್ಲ. ಎಷ್ಟೋ ತಿಂಗಳಿಂದ ದಿನವೂ ಬೆಳಿಗ್ಗೆ ಎರಡು ಕೈಯಿಂದ ಎತ್ತಿ, ಮರ್ಯಾದೆಯಾಗಿ ಒಡತಿಗೆ ಒಪ್ಪಿಸಿ ಕೂರುತ್ತಿದ್ದೆನಲ್ಲ ಆ ಚೀಲ, ಅದರಲ್ಲಿ ನಾನು ಕೊಳ್ಳಬೇಕೆಂದಿದ್ದ ಮನೆಯಿತ್ತು. ಅದು ಕಳೆದಿದೆಯೆಂದು ಊರಿಗೆಲ್ಲ ಸಾರಲು ನಾನು ದುಡ್ಡು ಕೊಟ್ಟಿದ್ದೆ.

ಅವಳು ಪತ್ರವನ್ನು ಮತ್ತೆ ಕವರಿನೊಳಗೆ ಸೇರಿಸುವಷ್ಟರಲ್ಲಿ ಟೇಕಲ್ಲು ಬಂತು. ಆಮೇಲೆ ಅವಳೇ ಹೇಳಿದಳು. ಗಂಡನ ಮನೆ ಬಿಟ್ಟು ಬಂದವಳು. ತಂದೆಯ ಎದೆಯಲ್ಲಿ ಗಣಿಯ ಧೂಳು ಕೂತು ಉಸಿರು ಕಟ್ಟುತ್ತಿದ್ದಾಗ ನೋಡಿಕೊಂಡವಳು. ತಂದೆ ಹೋದ ಮೇಲೆ ತಮ್ಮನಾದ ಕುಪ್ಪುಸ್ವಾಮಿ ಮನೆ ಮಾರೋಣ ಎಂದಾಗ ಬೇಡ ಎಂದವಳು. ಬೀರುವಿನಿಂದ ಪತ್ರ ತೆಗೆದು ತನ್ನ ಕೋಣೆಯಲ್ಲಿಟ್ಟರೆ ಅವಳು ಕೆಲಸಕ್ಕೆ ಹೋದಾಗ ಅವನು ಅದನ್ನು ಜಾಲಾಡಿದ. ಅಂದಿನಿಂದ ಕೋಣೆಗೆ ತನ್ನದೇ ಬೀಗ, ಪತ್ರ ಊಟದ ಚೀಲದಲ್ಲಿ. ಹಗಲು ಫ್ಯಾಕ್ಟರಿಯ ಲಾಕರಿನಲ್ಲಿ, ಬೆಳಿಗ್ಗೆ ಸಂಜೆ, ಮಾನ್ಯರೇ, ತಮ್ಮ ಹೊಟ್ಟೆಯಲ್ಲಿ. “ಮನೆ ಕೈಬಿಟ್ಟೋದ್ರೆ ನಾನ್ ಎಲ್ಲಿಗ್ ಓಗ್ಲಿ ಸಾರ್? ಈ ವಯಸ್ಸಲ್ಲಿ ಹಾಸ್ಟೆಲ್ಲಾ?” ಎಂದಳು. ಆಮೇಲೆ ಕವರನ್ನು ಚೀಲದ ತಳಕ್ಕಿಡುತ್ತ, ನನ್ನ ಕಡೆ ತಿರುಗದೆಯೇ, “ಹಿಂದಿನ್ ರೂಮಲ್ಲಿ ಹಳೇ ಸಾಮಾನು ಅಂದ್ರಲ್ಲ ನೀವು. ಅದು ನಾನೇ,” ಎಂದಳು.

ಮಾನ್ಯರೇ, ಆ ಹೊತ್ತಿನಲ್ಲಿ ತಾವು ಜೋರಾಗಿ ಹಾರನ್ ಹಾಕಿದಿರಿ. ಎಂದಾದರೂ ತಮಗೆ ಕೃತಜ್ಞತೆ ಹೇಳಬೇಕಾಗಿ ಬಂದರೆ ಅದಕ್ಕಾಗಿ ಹೇಳುತ್ತೇನೆ.

ವೈಟ್‌ಫೀಲ್ಡ್ ಹತ್ತಿರವಾಗುತ್ತಿದ್ದಂತೆ ಸೆಲ್ವಿ ಪ್ರಕಟಣೆಯ ಕೊನೆಯ ಸಾಲಿಗೆ ಬಂದಳು. ತಕರಾರು ಇದ್ದವರು ವಾಯಿದೆಯೊಳಗೆ ವಕೀಲರಿಗೆ ಲಿಖಿತವಾಗಿ ತಿಳಿಸಬೇಕು ಎಂದಿತ್ತು. ಅವಳಿಗೆ ತಮಿಳು ಬರೆಯಲು ಬರುತ್ತದೆ, ಕನ್ನಡ ಓದಲು ಮಾತ್ರ. “ಸಾರ್, ನೀವ್ ಪೇಪರ್ಗೆಲ್ಲ ಬರೀತೀರಲ್ಲ. ತಕರಾರು ಬರ್ಕೊಡಿ. ಗಟ್ಟಿಯಾಗಿರ್ಬೇಕು. ತಗೊಳ್ಳೋರು ಓದಿದ್ರೆ ಭಯ ಆಗ್ಬೇಕು,” ಎಂದಳು. ಕೊಳ್ಳುವವನು ನಾನೇ ಎಂದು ನಾನು ಮೆಲ್ಲಗೆ ನೆನಪಿಸಿದೆ. “ಗೊತ್ತು ಸಾರ್. ಏನ್ ಬರದ್ರೆ ಭಯ ಆಗ್ತದೆ ಅಂತ ನಿಮ್ಗೇ ಚೆನ್ನಾಗ್ ಗೊತ್ತಿರ್ತದೆ.”

ಆ ರಾತ್ರಿ ಊಟದ ನಂತರ ನಾನು ನನ್ನ ವಿರುದ್ಧ ನಾನೇ ತಕರಾರು ಬರೆಯಲು ಕೂತೆ. ಬರೆಯುವವನಿಗೆ ಇಂಥ ಅವಕಾಶ ಅಪರೂಪ. ಎದುರಾಳಿಯ ಒಂದೊಂದು ದೌರ್ಬಲ್ಯವೂ ಗೊತ್ತು. ಕಾಗದ ನೋಡದೆ ಮುಂಗಡ ಕೊಟ್ಟವನ ಸದ್ಭಾವನೆಯನ್ನು ಕಾನೂನು ನಂಬಬೇಕಾಗಿಲ್ಲವೆಂದು ಬರೆದೆ. ಬೀಗ ಹಾಕಿದ ಕೋಣೆಯ ಬೀಗ ತೆಗೆಸಿ ನೋಡದವನು ಸ್ವತ್ತನ್ನು ಪರಿಶೀಲಿಸಿದ್ದೇನೆ ಎನ್ನುವುದು ಹಾಸ್ಯಾಸ್ಪದವೆಂದು ಬರೆದೆ. ತಂದೆಯ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ, ಅವಳ ಸಹಿಯಿಲ್ಲದ ಮಾರಾಟ ನಿಲ್ಲುವುದಿಲ್ಲ, ಅಸಲು ಪತ್ರ ಅವಳ ಸ್ವಾಧೀನದಲ್ಲೇ ಇದೆ ಎಂದು ಬರೆದೆ. ಕೊನೆಯಲ್ಲಿ ಕೊಳ್ಳುವವರ ಬಗ್ಗೆ ಒಂದು ವಿಶೇಷಣ ಬಂತು; ಓದಿ ನೋಡಿ ಖಾರವೆನಿಸಿ ಹೊಡೆದುಹಾಕಿದೆ, ಮತ್ತೆ ಓದಿ ನಿಜವೆನಿಸಿ ಉಳಿಸಿಕೊಂಡೆ.

ಶಶಿರೇಖ ಹಿಂದಿನಿಂದ ಇಣುಕಿ ಪೂರ್ತಿ ಓದಿದಳು. “ಮದುವೆಗೆ ಮುಂಚೆ ನಂಗೆ ಬರೆದ ಒಂದು ಕಾಗದದಲ್ಲೂ ಇಷ್ಟು ಶ್ರದ್ಧೆ ಇರ್ಲಿಲ್ಲ,” ಎಂದಳು. ನಾನು ಮೊಳೆಯ ವಿಷಯ ಎತ್ತಿದೆ. ಅವಳು ತಟ್ಟೆ ಎತ್ತಿಕೊಂಡು ಹೋಗುತ್ತ, “ಆಯಮ್ಮನ್ನ ಎಬ್ಬಿಸಿ ನಾವಲ್ಲಿ ಹಾಲುಕ್ಕಿಸೋದಾ? ಹಾಲು ಒಡೆದು ಹೋಗುತ್ತೆ. ಬರ್ದಿದೀರಲ್ಲ, ಕಳ್ಸಿ,” ಎಂದಳು.

ಸೆಲ್ವಿಯ ಸಹಿ ಹಾಕಿಸಿ ಕಳಿಸಿದೆವು. ವಕೀಲರು ಫೋನ್ ಮಾಡಿ, ಇಷ್ಟು ಬಿಗಿಯಾದ ತಕರಾರನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲ, ಇದಕ್ಕೆ ಉತ್ತರ ಕೊಡುವುದು ಕಷ್ಟ, ಬರೆದವರು ಯಾರೆಂದು ಗೊತ್ತಾದರೆ ತಿಳಿಸಿ, ನಮ್ಮ ಕಚೇರಿಗೆ ಅಂಥವರು ಬೇಕು ಎಂದರು. ಕೋದಂಡಪ್ಪನವರು ಮಾತ್ರ ನನ್ನ ಹೆಗಲ ಮೇಲೆ ಕೈಯಿಟ್ಟು, “ನಿಮ್ ಮೇಲೆ ಯಾರಿಗೋ ಬಾಳ ದ್ವೇಷ ಐತೆ ಸಾಮಿ. ಯಾರೋ ನಿಮ್ಮನ್ನ ಅತ್ರದಿಂದ ನೋಡಿರೋರೇ ಬರೆದವ್ರೆ,” ಎಂದು ಮರುಗಿದರು.

ಆಮೇಲೆ ನಡೆದದ್ದು ತಮ್ಮ ಸಮ್ಮುಖದಲ್ಲೇ. ಮನೆಯಲ್ಲಿ ಮಾತೆತ್ತಿದರೆ ಅಕ್ಕ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆಂದು, ಎದ್ದುಹೋಗಲಾಗದ ಜಾಗದಲ್ಲಿ ಹಿಡಿಯಲು ಕುಪ್ಪುಸ್ವಾಮಿ ಒಂದು ಬೆಳಿಗ್ಗೆ ಅವಳ ಹಿಂದೆಯೇ ತಮ್ಮನ್ನು ಹತ್ತಿದ. ಬಂಗಾರಪೇಟೆಯಲ್ಲಿ ನಾನು ಹತ್ತಿದಾಗ ಅವನು ನನ್ನ ಸೀಟಿನಲ್ಲಿ ಕೂತಿದ್ದ. ನನ್ನನ್ನು ನೋಡಿ ಎದ್ದೇಳಲೂ ಆಗದೆ ಕೂರಲೂ ಆಗದೆ, “ಸಾರ್, ನೀವಾ,” ಎಂದ. ಒಬ್ಬನೇ ಮಗ ಎಂದವನ ಎದುರು ಅವನ ಅಕ್ಕ ಕೂತಿದ್ದಳು. ಕೊಳ್ಳುತ್ತೇನೆ ಎಂದವನ ಜೇಬಿನಲ್ಲಿ ತಕರಾರಿನ ಪ್ರತಿಯಿತ್ತು. ಇಬ್ಬರಲ್ಲಿ ಯಾರು ಹೆಚ್ಚು ನಾಚಿದರೆಂದು ತಮ್ಮ ಫ್ಯಾನುಗಳನ್ನೇ ಕೇಳಿ.

“ಡೇ ತಂಬಿ, ನಾನ್ ಇಲ್ಲ ಅಂತ ಬರ್ಸಿದ್ಯಲ್ಲ, ನೋಡು, ಇದೀನಿ,” ಎಂದಳು ಸೆಲ್ವಿ.

“ಪತ್ರ ಇಲ್ಲ ಅಂತ ನೀನ್ ಏಳಿಲ್ವಾಕ್ಕ? ನಂಗೇನ್ ಗೊತ್ತು ಅಂದ್ಯಲ್ಲ.”

“ಅಂದೆ. ಅದಕ್ಕೆ ಇದಕ್ಕೆ ಸರಿಯಾಯ್ತು.”

ಇಡೀ ಬೋಗಿಯೇ ಪಂಚಾಯ್ತಿಗೆ ಕೂತಿತು. ಹೊಸೂರಿಗೆ ಹೋಗಲೇಬೇಕು, ಮಾತು ಕೊಟ್ಟಿದ್ದೀನಿ, ಅಲ್ಲಿ ಬಾಡಿಗೆ ಕಟ್ಟೋಕೆ ನನ್ ಅತ್ರ ಏನೈತೆ ಎಂದು ಕುಪ್ಪುಸ್ವಾಮಿ ಕಣ್ಣೊರೆಸಿಕೊಂಡ. ಅವನು ಕೆಟ್ಟವನೇನಲ್ಲ, ಮಾನ್ಯರೇ. ಅವಸರದವನು, ನನ್ನ ಹಾಗೆ. ದಾರಿ ತೋರಿಸಿದವಳು ಸೆಲ್ವಿಯೇ. ಮನೆ ಮಾರುವುದಿಲ್ಲ, ಹಿಂದಿನ ಕೋಣೆ ಅವಳದು, ಮುಂದಿನ ಭಾಗ ಬಾಡಿಗೆಗೆ, ಆ ಬಾಡಿಗೆ ಪೂರ್ತಿ ತಮ್ಮನಿಗೆ ಹೊಸೂರಿಗೆ, ಪತ್ರ ಅವಳ ಹತ್ತಿರ. “ಬಾಡಿಗೆಗೆ ಯಾರ್ ಬತ್ತಾರೆ ಆ ಮೂಲೆಗೆ?” ಎಂದ ಕುಪ್ಪುಸ್ವಾಮಿ. ನಾಗೇಶ ಪತ್ರಿಕೆ ಮಡಚಿ ನನ್ನ ಕಡೆ ನೋಡಿದ. ಸೆಲ್ವಿಯೂ ನೋಡಿದಳು. ನಿಂತಿದ್ದ, ಕೂತಿದ್ದ, ಬಾಗಿಲಿಗೆ ಜೋತಿದ್ದ ಅಷ್ಟೂ ಜನ ನೋಡಿದರು.

ಹೀಗೆ, ಮನೆ ಕೊಳ್ಳಲು ಕೊಟ್ಟ ಮುಂಗಡವನ್ನು ಮಾಲೂರು ದಾಟುವಷ್ಟರಲ್ಲಿ ಬಾಡಿಗೆಯ ಮುಂಗಡವಾಗಿ ಜಮಾ ಮಾಡಿಕೊಳ್ಳಲಾಯಿತು. ಬಾಡಿಗೆ ಕರಾರಿಗೆ ಮುಂಚೆ ಒಮ್ಮೆ ಒರಿಜಿನಲ್ ಕ್ರಯಪತ್ರ ನೋಡಬಹುದೇ ಎಂದು, ಈ ಸಲವಾದರೂ ಎಚ್ಚರದಿಂದಿರೋಣವೆಂದು, ನಾನು ಕೇಳಿದೆ. “ಬಾಡಿಗೆಗೆ ಬರೋರಿಗೆಲ್ಲ ಯಾಕ್ ಸಾರ್ ಅದು?” ಎಂದು ಸೆಲ್ವಿ ಕವರನ್ನು ಮಡಚಿ ಚೀಲದೊಳಗಿಟ್ಟಳು. ಕಳೆದ ಭಾನುವಾರ ಸಾಮಾನು ಸಾಗಿಸಿದೆವು. ಶಶಿರೇಖ ಸುತ್ತಿಗೆ ಹಿಡಿದು ಹಜಾರದ ಗೋಡೆಯ ಮುಂದೆ ನಿಂತು, ಹಿಂದಿನ ಕೋಣೆಯ ಕಡೆ ತಿರುಗಿ, “ಸೆಲ್ವಿ, ಇಲ್ಲೊಂದು ಮೊಳೆ ಹೊಡೀಲಾ?” ಎಂದು ಕೇಳಿದಳು. ಒಳಗಿಂದ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. “ಒಂದೇ ಸಾಕಾ ಅಕ್ಕ? ಎಲ್ ಬೇಕೋ ಅಲ್ ಹೊಡ್ಕೊಳ್ಳಿ,” ಎಂಬ ಉತ್ತರ ಬಂತು.

ಆದ್ದರಿಂದ ಮಾನ್ಯರೇ, ತಮ್ಮ ಮೇಲಿನ ಕಳವು, ನುಂಗುವಿಕೆ, ಅಜಾಗರೂಕತೆಯ ಸಮಸ್ತ ಆರೋಪಗಳನ್ನೂ ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಪತ್ರವನ್ನು ತಾವು ಒಂದು ದಿನವೂ ಕಳೆಯಲಿಲ್ಲ; ಯಾರ ಕೈಗೆ ಸೇರಬೇಕೋ ಅವರ ತೊಡೆಯ ಮೇಲೆಯೇ ಇಟ್ಟು, ದಿನವೂ ಹೋಗಿ ಬಂದಿರಿ. ಕಳೆದವರು ನಾವು. ಇಷ್ಟಾಗಿಯೂ ಒಂದು ಅಸಾಧ್ಯ ಪ್ರಾರ್ಥನೆ: ಇನ್ನು ಮುಂದೆ ನಾನು ಬಂಗಾರಪೇಟೆಯ ಬದಲು ಚಾಂಪಿಯನ್‌ನಲ್ಲೇ ಹತ್ತುವುದರಿಂದ, ನಾನು ಮನೆಯ ಒಡತಿಯ ಎದುರು ಕೂತು ಬಾಡಿಗೆಯ ದಿನ ಮರೆತವನಂತೆ ಪತ್ರಿಕೆ ಓದುವ ಆ ತಿಂಗಳ ಮೊದಲ ಬೆಳಿಗ್ಗೆಗಳಲ್ಲಿ, ದಯವಿಟ್ಟು ಸಿಗ್ನಲ್ಲಿಗಾಗಿ ನಿಲ್ಲಬೇಡಿ.

ಇಂತಿ, ಒಂದೂ ಅಸಲು ಕಾಗದವಿಲ್ಲದೆ ತಮ್ಮನ್ನೇ ನಂಬಿಕೊಂಡಿರುವ ವಿಶ್ವಾಸಿ,
ಬಚ್ಚಪ್ಪ
(ಮುಂಭಾಗದ ಬಾಡಿಗೆದಾರ)

ವಿ.ಸೂ.: ನನ್ನ ಸ್ಥಿತಿಗೆ ಕರಗಿದ ಕೋದಂಡಪ್ಪನವರು ಈಗ ಇನ್ನೊಂದು ನಿವೇಶನ ತಂದಿದ್ದಾರೆ. ತಾತನ ಕಾಲದಿಂದ ಇಂದಿನವರೆಗೆ ಅದರ ಎಲ್ಲ ಪತ್ರಗಳೂ ಅಸಲು, ಒಂದೂ ಕಳೆದಿಲ್ಲ, ಒಂದರ ಮೇಲೂ ಸಾರಿನ ಕಲೆಯಿಲ್ಲ. ನಿವೇಶನ ಮಾತ್ರ ಎಲ್ಲಿದೆಯೆಂದು ಸರ್ವೆಯವರಿಗೂ ಮಾರುವವರಿಗೂ ಇನ್ನೂ ಗೊತ್ತಾಗಿಲ್ಲ. ಅದು ಎಲ್ಲಿ ಕಳೆಯಿತೆಂದು ಬರೆಯಲು ಕೋದಂಡಪ್ಪನವರು ಟೈಪಿಂಗ್ ಮೆಷಿನ್ನಿಗೆ ಕಾಗದ ಏರಿಸಿದ್ದನ್ನು ನಾನು ಕಣ್ಣಾರೆ ಕಂಡೆ; ನಿವೇಶನ ಕಳೆದ ಹೊತ್ತಿನಲ್ಲಿ ತಾವು ಬೇರೆ ಎಲ್ಲೋ ಇದ್ದಿರೆಂಬುದಕ್ಕೆ ಈಗಿನಿಂದಲೇ ಇಬ್ಬರು ಸಾಕ್ಷಿಗಳನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು.